ಕುರ್ಚಿ ಮೇಷ್ಟ್ರ ಹನ್ನೆರಡನೇ ವಿದ್ಯಾರ್ಥಿ

ನಮ್ಮ ಶಾಲೆಯಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದವನಿಗೆ ಮಕ್ಕಳು ಇಟ್ಟ ಹೆಸರು ಕುರ್ಚಿ ಮೇಷ್ಟ್ರು. ನಾನು ಚರಿತ್ರೆಯವನು. ಸ್ಟಾಫ್ ರೂಮಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅವನ ಪಕ್ಕದ ಮೇಜು ನನ್ನದು. ಅವನ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಇದ್ದಾರು. ಆದರೆ ಆ ಬುಧವಾರ ಮಧ್ಯಾಹ್ನ ಆ ಕೋಣೆಯಲ್ಲಿ ಅವನ ಜೊತೆ ಇದ್ದವನು ನಾನೊಬ್ಬನೇ. ಹಾಗಾಗಿ ನಾನೇ ಬರೆಯಬೇಕು.

ಕೆಲಸಕ್ಕೆ ಸೇರಿದಾಗ ಅವನಿಗೆ ಇಪ್ಪತ್ತಾರು. ಅಪ್ಪ ಬೀಗ ರಿಪೇರಿಯವರು, ಬೀದಿ ಬದಿಯ ಕಟ್ಟೆಯ ಮೇಲೆ ಕೂತು ಊರಿನ ಅರ್ಧ ಬೀಗಗಳನ್ನು ಬಿಚ್ಚಿದವರು. "ನಮ್ಮಪ್ಪ ಎಂಥೆಂಥ ಬೀಗ ತೆಗೆದ್ರು, ನನ್ನ ಬಾಯಿಗೆ ಬಿದ್ದಿದ್ದ ಒಂದನ್ನ ಮಾತ್ರ ತೆಗೆಯೋಕಾಗ್ಲಿಲ್ಲ" ಅಂತ ಅವನೇ ಹೇಳಿಕೊಳ್ಳುತ್ತಿದ್ದ. ಅಷ್ಟು ಸಂಕೋಚದ ಪ್ರಾಣಿ. ಮೊದಲ ದಿನ ತರಗತಿಗೆ ಹೋಗಿ, ಬೋರ್ಡಿನ ಮೇಲೆ "ಅರ್ಥಶಾಸ್ತ್ರ ಎಂದರೇನು?" ಎಂದು ಬರೆದು, ಅದರ ಕೆಳಗೆ ವ್ಯಾಖ್ಯೆ ಬರೆದು, ಅದರ ಕೆಳಗೆ ಇನ್ನೊಂದು ವ್ಯಾಖ್ಯೆ ಬರೆದು, ನಲವತ್ತು ನಿಮಿಷ ಮಕ್ಕಳಿಗೆ ಬೆನ್ನು ಹಾಕಿಯೇ ನಿಂತಿದ್ದ. ಮೂರನೇ ವ್ಯಾಖ್ಯೆಯ ಹೊತ್ತಿಗೆ ಹಿಂದಿನ ಸಾಲಿನಲ್ಲಿ ನಿದ್ದೆ ಹೋಗಿದ್ದ ಒಬ್ಬ ದಬ್ಬೆಂದು ಕೆಳಗೆ ಬಿದ್ದ. ತರಗತಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಇವನು ತಿರುಗಲಿಲ್ಲ, ಬರೆಯುತ್ತಲೇ ಇದ್ದ.

ಸ್ಟಾಫ್ ರೂಮಿಗೆ ಬಂದು ಕೈಯಲ್ಲಿ ಸೀಮೆಸುಣ್ಣ ಹಿಡಿದೇ ಕೂತಿದ್ದವನನ್ನು ಗಣಿತದ ಟೀಚರ್ ನೋಡಿದರು. ಆಗಲೇ ನಿವೃತ್ತಿಗೆ ಹತ್ತಿರವಾಗಿದ್ದ ಹೆಂಗಸು, ನಾವೆಲ್ಲ ಗಣಿತದಮ್ಮ ಅನ್ನುತ್ತಿದ್ದೆವು.

"ಏನಪ್ಪಾ, ಹೇಗಾಯ್ತು?"

"ಒಬ್ಬ ಬಿದ್ದ, ಅಮ್ಮ."

"ಪಾಠ ಕೇಳಿ ಬಿದ್ನೋ, ಕೇಳದೆ ಬಿದ್ನೋ?" ಎಂದು ನಕ್ಕು, ಕನ್ನಡಕ ತೆಗೆದಿಟ್ಟು ಹೇಳಿದರು. "ನೋಡು, ಮೊದಲ ಐದು ನಿಮಿಷದಲ್ಲಿ ನೀನು ಅವರನ್ನ ಹಿಡೀಬೇಕು. ಇಲ್ಲಾಂದ್ರೆ ಉಳಿದ ಮೂವತ್ತೈದು ನಿಮಿಷ ಅವರು ನಿನ್ನನ್ನ ಹಿಡೀತಾರೆ."

ಆ ಮಾತು ಅವನಿಗೆ ಎಲ್ಲಿ ನಾಟಿತೋ ಏನೋ. ಮುಂದಿನ ಸೋಮವಾರ ಮಕ್ಕಳು ಬರುವ ಮೊದಲೇ ಹೋಗಿ ಎಂಟು ಕುರ್ಚಿಗಳನ್ನು ಹೊರಗೆ ಸಾಗಿಸಿದ. ನಲವತ್ತು ಮಕ್ಕಳು, ಮೂವತ್ತೆರಡು ಕುರ್ಚಿ.

"ಸರ್, ಕುರ್ಚಿ ಕಳ್ಳತನ ಆಗಿದೆ!" ಅಂತ ಒಬ್ಬಳು ಕೂಗಿದಳು.

"ಹೌದು, ಕಳ್ಳ ನಾನೇ. ಈಗ ನೀವು ಹೇಳಿ, ಯಾರು ಕೂರಬೇಕು?"

ಮೊದಲು ಬಂದವರು ಅಂತ ಮೊದಲು ಬಂದವರು ಹೇಳಿದರು. ಮಾರ್ಕ್ಸ್ ಜಾಸ್ತಿ ಇರೋರು ಅಂತ ಮಾರ್ಕ್ಸ್ ಜಾಸ್ತಿ ಇದ್ದವಳು ಹೇಳಿದಳು. ಕಾಲುನೋವಿದ್ದವರಿಗೆ ಕೊಡಬೇಕು ಅಂತ ಒಬ್ಬ ಹೇಳಿದ್ದೇ ತಡ, ಹನ್ನೊಂದು ಜನರಿಗೆ ಕಾಲುನೋವು ಶುರುವಾಯಿತು. ಚೀಟಿ ಎತ್ತೋಣ, ಸರದಿಯ ಮೇಲೆ ಹತ್ತತ್ತು ನಿಮಿಷ ಕೂರೋಣ, ಎಲ್ಲರೂ ನಿಂತೇ ಇರೋಣ, ಹೀಗೆ ಒಂದೊಂದೂ ಬೋರ್ಡಿನ ಮೇಲೆ ಬಂತು. ಪ್ರತಿಯೊಂದರ ಮುಂದೆ, ಇದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಅವರಿಂದಲೇ ಹೇಳಿಸಿ ಬರೆದ. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು, "ಇರೋದು ಕಡಿಮೆ, ಬೇಕಾದೋರು ಜಾಸ್ತಿ. ಆಗ ಯಾರಿಗೆ ಕೊಡಬೇಕು, ಅದನ್ನ ಯಾರು ಹೇಳಬೇಕು? ಇದಿಷ್ಟೇ ನಮ್ಮ ಶಾಸ್ತ್ರ" ಅಂದ. ಹೊರಗೆ ಇಟ್ಟಿದ್ದ ಕುರ್ಚಿಗೆ ಭೂಗೋಳದ ಮೇಷ್ಟ್ರು ಎಡವಿ ಬಿದ್ದು ಮೂರು ದಿನ ಕುಂಟಿದ್ದೂ ಆ ಪಾಠದ ಖ್ಯಾತಿಗೆ ಕೈಜೋಡಿಸಿತು. ಹೆಸರು ಅಂಟಿಕೊಂಡಿತು. ಮುಂದೆ ಮುಖ್ಯೋಪಾಧ್ಯಾಯರ ಹುದ್ದೆಗೆ ಅವನಿಗಿಂತ ಕಿರಿಯರು ಬಂದು ಕೂತಾಗ, "ಕುರ್ಚಿ ಮೇಷ್ಟ್ರಿಗೇ ಕುರ್ಚಿ ಸಿಗಲಿಲ್ಲ" ಅಂತ ನಾವು ತಮಾಷೆ ಮಾಡಿದೆವು. ಅವನೂ ನಕ್ಕ. ಅವನಿಗೆ ಅದರ ಆಸೆ ನಿಜವಾಗಿಯೂ ಇರಲಿಲ್ಲ.

ಅವನ ಆಸೆಯೆಲ್ಲ ಆ ಐದು ನಿಮಿಷದ ಮೇಲೆ. ಅದಕ್ಕಾಗಿ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಿದ್ದ. ವಿನಿಮಯದ ಪಾಠಕ್ಕೆ ಕಾಗದದಲ್ಲಿ ಸುತ್ತಿದ ಪೊಟ್ಟಣಗಳನ್ನು ತಂದು ಹಂಚುತ್ತಿದ್ದ. ಒಂದರಲ್ಲಿ ಪೆನ್ಸಿಲ್, ಒಂದರಲ್ಲಿ ಬಾಚಣಿಗೆ, ಒಂದರಲ್ಲಿ ಬಿಸ್ಕತ್ತು, ಒಂದರಲ್ಲಿ ಬರಿಯ ಗುಂಡಿ. ನಿಮಗೆ ಸಿಕ್ಕಿದ್ದಕ್ಕೆ ಹತ್ತರಲ್ಲಿ ಎಷ್ಟು ಖುಷಿ, ಹೇಳಿ ಅನ್ನುತ್ತಿದ್ದ. ಬಾಚಣಿಗೆ ಯಾವಾಗಲೂ ತಲೆ ನುಣ್ಣಗೆ ಬೋಳಿಸಿಕೊಂಡವನಿಗೇ ಸಿಗುತ್ತಿತ್ತು. ಅದು ಆಕಸ್ಮಿಕ ಅಲ್ಲ ಅಂತ ನನಗೆ ಗುಮಾನಿ. ಐದು ನಿಮಿಷ ಕೊಟ್ಟುತೆಗೆದುಕೊಂಡ ಮೇಲೆ ಮತ್ತೆ ಕೇಳಿದರೆ ಖುಷಿಯ ಮೊತ್ತ ಎರಡರಷ್ಟಾಗಿರುತ್ತಿತ್ತು. "ಹೊಸದಾಗಿ ಒಂದು ಗುಂಡಿನೂ ತಯಾರಾಗಿಲ್ಲ. ಹಾಗಾದ್ರೆ ಈ ಖುಷಿ ಎಲ್ಲಿಂದ ಬಂತು?" ಅಂದು ಬೋರ್ಡಿನ ಕಡೆ ತಿರುಗುವಾಗ ಅವನ ಮುಖ ನೋಡಬೇಕಿತ್ತು. ಬೆಲೆಯ ಪಾಠಕ್ಕೆ ಮಳೆ ಬರುವ ದಿನಕ್ಕಾಗಿ ಕಾಯುತ್ತಿದ್ದ. ಕೊನೆಯ ಪೀರಿಯಡ್ಡಿನಲ್ಲಿ ಮಳೆ ಹೊಯ್ಯುತ್ತಿರುವಾಗ ಒಂದೇ ಒಂದು ಕೊಡೆ ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿ ಅದನ್ನು ಹರಾಜಿಗಿಡುತ್ತಿದ್ದ. ಪಕ್ಕದ ಕೋಣೆಯಲ್ಲಿ ನಾನು ಯುದ್ಧಗಳನ್ನು ಹೇಳುತ್ತಿದ್ದರೆ, ನಿಜವಾದ ಯುದ್ಧದ ಸದ್ದು ಅವನ ಕೋಣೆಯಿಂದ ಬರುತ್ತಿತ್ತು.

ಹೀಗೆ ಹದಿನಾರು ವರ್ಷ ನಡೆಯಿತು. ಆಮೇಲೆ ಹೊಸ ನಿಯಮ ಬಂತು.

ಪ್ರೌಢಶಾಲೆಯ ಕೊನೆಯ ಎರಡು ವರ್ಷಕ್ಕೆ ಮಕ್ಕಳು ಒಂದು ಐಚ್ಛಿಕ ವಿಷಯ ಆರಿಸಿಕೊಳ್ಳಬೇಕು. ಶಾಲೆ ತೆರೆದ ಮೊದಲ ವಾರ ಯಾವ ತರಗತಿಯಲ್ಲಿ ಬೇಕಾದರೂ ಕೂತು ನೋಡಬಹುದು. ಶುಕ್ರವಾರ ಫಾರಂ ಕೊಡಬೇಕು. ಮನಸ್ಸು ಬದಲಾಯಿಸುವವರಿಗೆ ಮುಂದಿನ ಬುಧವಾರ ಸಂಜೆ ನಾಲ್ಕರವರೆಗೆ ಅವಕಾಶ. ಹನ್ನೆರಡು ಮಂದಿ ಸೇರದ ವಿಷಯ ಆ ವರ್ಷ ನಡೆಯುವುದಿಲ್ಲ. ಸಾಲಾಗಿ ಎರಡು ವರ್ಷ ನಡೆಯದಿದ್ದರೆ ಆ ವಿಷಯವೇ ರದ್ದು. ಮೊದಲ ವರ್ಷ ಅವನಿಗೆ ಹತ್ತೊಂಬತ್ತು ಮಂದಿ ಬಂದರು, ಮರುವರ್ಷ ಹದಿನಾಲ್ಕು. ಹೊಸದಾಗಿ ಕಂಪ್ಯೂಟರ್ ಕೋಣೆ ಬಂದಿತ್ತು, ಅಲ್ಲಿ ಫ್ಯಾನು ಜೋರಾಗಿ ತಿರುಗುತ್ತಿತ್ತು. ಮಕ್ಕಳಿಗೆ ಅಷ್ಟು ಸಾಕು.

ಮೂರನೇ ವರ್ಷ ಅವನ ಮಗಳೇ ಐಚ್ಛಿಕ ವಿಷಯ ಆರಿಸುವ ತರಗತಿಗೆ ಬಂದಳು.

ಒಬ್ಬಳೇ ಮಗಳು. ಮಾತು ಕಡಿಮೆ, ಅಪ್ಪನದೇ ಅಚ್ಚು. ಶನಿವಾರ ಮಧ್ಯಾಹ್ನ ದನದಾಸ್ಪತ್ರೆಗೆ ಹೋಗಿ, ಡಾಕ್ಟರು ಸೂಜಿ ಚುಚ್ಚುವಾಗ ನಾಯಿ, ಕರು, ಮೇಕೆಗಳ ತಲೆ ಹಿಡಿದುಕೊಳ್ಳುವುದು ಅವಳ ಕೆಲಸ. ಕಚ್ಚುವ ನಾಯಿಯೂ ಅವಳ ಕೈಯಲ್ಲಿ ಸುಮ್ಮನಾಗುತ್ತಿತ್ತಂತೆ. ಅವಳಿಗೆ ಬೇಕಾದದ್ದು ಜೀವಶಾಸ್ತ್ರ ಅನ್ನುವುದು ಅವಳು ಆರನೇ ಕ್ಲಾಸಿನಲ್ಲಿದ್ದಾಗಿನಿಂದ ನಮಗೆಲ್ಲ ಗೊತ್ತು. ಆ ವಿಷಯಕ್ಕೆ ಪೈಪೋಟಿ ಜಾಸ್ತಿ. ಸೂಕ್ಷ್ಮದರ್ಶಕಗಳು ಇದ್ದದ್ದು ಇಪ್ಪತ್ತನಾಲ್ಕು, ಆದ್ದರಿಂದ ಇಪ್ಪತ್ತನಾಲ್ಕೇ ಸೀಟು.

ಆ ವರ್ಷದ ಮೊದಲ ವಾರಕ್ಕೆಂದು ಕುರ್ಚಿ ಮೇಷ್ಟ್ರು ಬೇಸಿಗೆ ರಜೆಯೆಲ್ಲ ಕೂತು ಹೊಸದೊಂದು ಆರಂಭ ಹೊಸೆದಿದ್ದ. ಕುರ್ಚಿಯ ಕಥೆ ಮಕ್ಕಳಿಗೆ ಅಕ್ಕಂದಿರಿಂದ, ಅಣ್ಣಂದಿರಿಂದ ಗೊತ್ತಾಗಿಬಿಟ್ಟಿತ್ತು. ಅದು ಇನ್ನು ಓಡುವ ಕುದುರೆಯಲ್ಲ. "ಈ ಸಲ ಅವಕಾಶ ವೆಚ್ಚದಿಂದ ಶುರು ಮಾಡ್ತೀನಿ. ಕೇಳು, ನಿನಗೆ ಮೈ ಜುಂ ಅನ್ನತ್ತೆ" ಅಂದ ನನಗೆ. ಕುತೂಹಲಕ್ಕೆ ನಾನೂ ಹೋಗಿ ಹಿಂದೆ ನಿಂತೆ.

ಮೂವತ್ತೆಂಟು ಮಕ್ಕಳು ಬಂದಿದ್ದರು. ಒಬ್ಬೊಬ್ಬರಿಗೂ ಒಂದೊಂದು ಖಾಲಿ ಕಾರ್ಡು ಕೊಟ್ಟ.

"ಈ ನಲವತ್ತು ನಿಮಿಷ ನೀವು ಇಲ್ಲಿ ಇಲ್ಲದಿದ್ರೆ ಎಲ್ಲಿರ್ತಿದ್ರಿ, ಏನು ಮಾಡ್ತಿದ್ರಿ? ಸುಳ್ಳು ಬರೀಬೇಡಿ, ನಾನು ಹೆಸರು ಕೇಳಲ್ಲ."

ಕಾರ್ಡು ಒಟ್ಟು ಮಾಡಿ ಒಂದೊಂದೇ ಓದಿದ. ನಿದ್ದೆ. ಕ್ರಿಕೆಟ್. ಅಮ್ಮನಿಗೆ ಬಟ್ಟೆ ಹಿಂಡಿ ಕೊಡುತ್ತಿದ್ದೆ. ನಿದ್ದೆ. ಅಜ್ಜಿಯ ಕಾಲು ಒತ್ತುತ್ತಿದ್ದೆ. ಚರಿತ್ರೆಯ ಕ್ಲಾಸಿನಲ್ಲಿ ನಿದ್ದೆ. ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ಒಂದು ಕಾರ್ಡು ಓದುವಾಗ ಮಾತ್ರ ನಿಂತ. "ತಮ್ಮ ಇನ್ನೂ ಆಸ್ಪತ್ರೆಯಲ್ಲಿದ್ದಾನೆ, ಅವನ ಜೊತೆ ಇರುತ್ತಿದ್ದೆ."

"ಈ ಪಾಠಕ್ಕೆ ಬಿಟ್ಟಿಯಾಗಿ ಬಂದ್ವಿ ಅಂದ್ಕೊಂಡಿದ್ರಿ ಅಲ್ವಾ? ಇಲ್ಲ. ಇದಕ್ಕೆ ನೀವು ಕೊಟ್ಟ ಬೆಲೆ ಈ ಕಾರ್ಡಿನಲ್ಲಿದೆ. ಒಂದನ್ನ ಆರಿಸಿಕೊಂಡ್ರೆ, ಕೈಬಿಟ್ಟಿದ್ರಲ್ಲಿ ಯಾವುದು ನಿಮಗೆ ಎಲ್ಲಕ್ಕಿಂತ ಪ್ರಿಯವೋ ಅದೇ ಅದರ ನಿಜವಾದ ಬೆಲೆ."

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಮಕ್ಕಳ ಕಣ್ಣು ಹೊಳೆಯುವುದನ್ನು ಕಂಡು ಅವನಿಗೆ ಹುರುಪು ಬಂತು. "ಈ ವಾರ ನೀವು ಎರಡು ವರ್ಷಕ್ಕೆ ಒಂದು ವಿಷಯ ಆರಿಸ್ಕೋತೀರಿ. ಗೆಳೆಯರು ಹೇಳಿದ್ರು ಅಂತ, ಮೇಷ್ಟ್ರು ಒಳ್ಳೆಯವರು ಅಂತ ಆರಿಸ್ಕೋಬೇಡಿ. ಕಾರ್ಡು ತಗೊಂಡು ಕೂತ್ಕೊಳ್ಳಿ. ಬಿಟ್ಟಿದ್ದೇನು ಅಂತ ಬರೀರಿ. ಆಮೇಲೆ ತೀರ್ಮಾನ ಮಾಡಿ."

ಮಕ್ಕಳು ಚಪ್ಪಾಳೆ ತಟ್ಟಿದರು. ಹತ್ತೊಂಬತ್ತು ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ಪಾಠ ನಾನು ಆ ಶಾಲೆಯಲ್ಲಿ ಕೇಳಿಲ್ಲ. ಆ ಮಕ್ಕಳು ಹೇಳಿದ್ದನ್ನು ಚಾಚೂತಪ್ಪದೆ ಮಾಡಿದರು. ಕಾರ್ಡು ತೆಗೆದುಕೊಂಡು ಮನೆಗೆ ಹೋಗಿ ಕೂತು ಬರೆದರು. ಶುಕ್ರವಾರ ಸಂಜೆ ಗುಮಾಸ್ತರು ಫಾರಂಗಳನ್ನು ಎಣಿಸಿದಾಗ ಅರ್ಥಶಾಸ್ತ್ರಕ್ಕೆ ಹನ್ನೊಂದು.

ಶನಿವಾರ ಸ್ಟಾಫ್ ರೂಮಿನಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಕೊನೆಗೆ ಟೀ ಕುಡಿಯುತ್ತ ಆಟದ ಮೇಷ್ಟ್ರು, ಮನಸ್ಸಿಗೆ ಬಂದದ್ದನ್ನು ಬಾಯಲ್ಲಿ ಇಟ್ಟುಕೊಳ್ಳಲಾಗದ ಮನುಷ್ಯ, ಹೇಳಿಯೇಬಿಟ್ಟರು. "ಅಲ್ಲ ಮೇಷ್ಟ್ರೇ, ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕ್ತಾ ಇದೀರಲ್ಲ. ಹನ್ನೆರಡನೆಯವಳು ನಿಮ್ಮ ಮನೇಲೇ ಇದಾಳೆ."

ಕುರ್ಚಿ ಮೇಷ್ಟ್ರು ಅಷ್ಟು ಸಿಟ್ಟಾದದ್ದನ್ನು ನಾನು ಅದೇ ಮೊದಲು ಕಂಡದ್ದು. "ಅವಳ ಹೆಸರು ಎತ್ತಬೇಡಿ" ಎಂದು ಲೋಟ ಕುಕ್ಕಿ ಎದ್ದುಹೋದ.

ಮನೆಯಲ್ಲಿ ಅವನು ಏನೂ ಹೇಳಲಿಲ್ಲ. ಆದರೆ ಅವನ ಹೆಂಡತಿ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವವಳು. ಊರಿನ ಸುದ್ದಿ ಲಕೋಟೆಯಲ್ಲಿ ಬರುವುದಕ್ಕಿಂತ ಮೊದಲು ಅಲ್ಲಿಗೆ ಬಾಯಲ್ಲಿ ಬರುತ್ತದೆ. ಆಟದ ಮೇಷ್ಟ್ರ ಹೆಂಡತಿ ಅಂಚೆಚೀಟಿ ಕೊಳ್ಳಲು ಬಂದವಳು ಈ ಸುದ್ದಿಯನ್ನೂ ಕೊಟ್ಟುಹೋದಳು. ಭಾನುವಾರ ಅಡುಗೆಮನೆಯಲ್ಲಿ ತಾಯಿ ಮಗಳಿಗೆ ಹೇಳಿದಳಂತೆ, "ನಿಮ್ಮಪ್ಪನ ಕ್ಲಾಸು ಈ ವರ್ಷ ಇಲ್ವಂತೆ." ಅಷ್ಟೇ. ತಗೋ ಅಂತ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಆ ಒಂದು ಮಾತು ಹೇಳಬಾರದಿತ್ತು ಅಂತ ಆಕೆ ಆಮೇಲೆ ನನ್ನ ಹೆಂಡತಿಯ ಹತ್ತಿರ ಅತ್ತಿದ್ದಾಳೆ.

ಸೋಮವಾರ ಬೆಳಿಗ್ಗೆ ಮಗಳು ಒಬ್ಬಳೇ ಆಫೀಸಿಗೆ ಹೋಗಿ, ಜೀವಶಾಸ್ತ್ರ ಹೊಡೆದುಹಾಕಿ ಅರ್ಥಶಾಸ್ತ್ರ ಎಂದು ಬರೆದು ಸಹಿ ಮಾಡಿ ಬಂದಳು. ಜೀವಶಾಸ್ತ್ರಕ್ಕೆ ಏಳು ಮಕ್ಕಳು ಕಾಯುತ್ತಿದ್ದರು. ಅವಳು ಬಿಟ್ಟ ಸೀಟು ಮಧ್ಯಾಹ್ನದ ಊಟದ ಗಂಟೆ ಹೊಡೆಯುವುದರೊಳಗೆ ಬೇರೊಬ್ಬರದಾಯಿತು.

ಗುಮಾಸ್ತರು ಬಾಗಿಲಲ್ಲೇ ನಿಂತು, "ಮೇಷ್ಟ್ರೇ, ಹನ್ನೆರಡಾಯ್ತು! ಸಿಹಿ ಕೊಡಿಸಿ" ಅಂದಾಗ ಅವನು ಎದ್ದು ನಿಂತ. ಮುಖ ಅರಳಿತು. ಆಮೇಲೆ, "ಯಾರು?" ಅಂದ. ಗುಮಾಸ್ತರು ಫಾರಂ ತೋರಿಸಿದರು. ಆ ಅಕ್ಷರ ನೋಡಿ ಮತ್ತೆ ಕೂತ.

ಗುಮಾಸ್ತರು ಹೋದ ಮೇಲೆ ನನಗೆ ಹೇಳಿದ. "ಅಕ್ಷರ ನೋಡೋಕೆ ಮುಂಚೆ ಖುಷಿಯಾಯ್ತಲ್ಲ, ಅದು ತಪ್ಪಲ್ಲ, ಬಿಡು. ನೋಡಿದ ಮೇಲೂ ಒಂದು ಗಳಿಗೆ ಖುಷಿ ಇತ್ತು ಕಣೋ. ಅದಕ್ಕೆ ಏನನ್ನೋದು?"



ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಮಗಳ ಸೈಕಲ್ ಹಿಡಿದು ನಿಲ್ಲಿಸಿ ಕೇಳಿದನಂತೆ.

"ಯಾಕಮ್ಮ ಹೀಗೆ ಮಾಡಿದೆ?"

"ನಂಗೆ ಇಷ್ಟ ಆಯ್ತು ಅಪ್ಪ. ನಿನ್ನ ಪಾಠ ಚೆನ್ನಾಗಿತ್ತು."

"ದನದ ಡಾಕ್ಟರಾಗಬೇಕು ಅಂತಿದ್ದೆ?"

"ಅದೇನು, ಚಿಕ್ಕೋಳಿದ್ದಾಗ ಎಲ್ಲರೂ ಏನೇನೋ ಅಂತಾರೆ."

ಅವಳು ಅಪ್ಪನ ಮುಖ ನೋಡದೆ ಸೈಕಲ್ಲಿನ ಬೆಲ್ ತಿರುಗಿಸುತ್ತ ಹೇಳಿದಳು. ಸುಳ್ಳು ಅಂತ ಅವನಿಗೆ ಗೊತ್ತಾಯಿತು. ಸುಳ್ಳು ಅನ್ನುವುದಕ್ಕೆ ಬಾಯಿ ಬರಲಿಲ್ಲ. ಮಂಗಳವಾರ ಜೀವಶಾಸ್ತ್ರದ ಟೀಚರ್ ಹತ್ತಿರ ಹೋಗಿ, ಅಕಸ್ಮಾತ್ ಅವಳು ವಾಪಸು ಬಂದರೆ ಸೀಟು ಉಂಟೇ ಎಂದು ಕೇಳಿದ. "ಸಾಲಿನ ಕೊನೆಗೆ ಸೇರಿಸ್ತೀನಿ ಮೇಷ್ಟ್ರೇ, ಏಳನೆಯವಳಾಗ್ತಾಳೆ" ಅಂದರು ಆಕೆ. ಅಂದರೆ ಇಲ್ಲ. ಆಗ ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದದ್ದಾಯಿತು, ಇನ್ನು ಅವಳಿಗೆ ಯಾರೂ ಕಲಿಸದ ಹಾಗೆ ಕಲಿಸುತ್ತೇನೆ. ಮಂಗಳವಾರ ಸಂಜೆ ನೋಟ್ ಪುಸ್ತಕ ತೆಗೆದು ಎರಡನೇ ಪಾಠಕ್ಕೆ, ಮೂರನೇ ಪಾಠಕ್ಕೆ ಆರಂಭಗಳನ್ನು ಬರೆಯಲು ಶುರು ಮಾಡಿದ್ದ. ಒಂದರಲ್ಲಿ ದನದಾಸ್ಪತ್ರೆಯ ಉದಾಹರಣೆಯೂ ಇತ್ತು. ನನಗೆ ತೋರಿಸಿದ.

ಬುಧವಾರ ಮಧ್ಯಾಹ್ನ ಮೂರಾಗಿತ್ತು. ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ. ನಾನು ನೋಟ್ ಪುಸ್ತಕ ತಿದ್ದುತ್ತಿದ್ದೆ. ಬಾಗಿಲ ಬಳಿ ಒಬ್ಬ ಹುಡುಗಿ ಬಂದು ನಿಂತಳು. ಬಸ್ ಕಂಡಕ್ಟರರ ಮಗಳು, ಆ ಹನ್ನೊಂದು ಮಂದಿಯಲ್ಲಿ ಎಲ್ಲರಿಗಿಂತ ಚುರುಕು. ಅರ್ಥಶಾಸ್ತ್ರಕ್ಕೆ ಮೊದಲ ಫಾರಂ ಕೊಟ್ಟವಳೇ ಅವಳು.

"ಸರ್, ಒಂದು ನಿಮಿಷ."

"ಬಾಮ್ಮ."

ಕೈಯಲ್ಲಿ ಆ ಕಾರ್ಡು ಇತ್ತು. ಎರಡೂ ಕಡೆ ಸಣ್ಣ ಅಕ್ಷರದಲ್ಲಿ ತುಂಬಿಸಿದ್ದಳು.

"ಸರ್, ನೀವು ಹೇಳಿದ ಹಾಗೆ ಬರೆದೆ. ನಾನು ಅರ್ಥಶಾಸ್ತ್ರ ತಗೊಂಡ್ರೆ ಬಿಡೋದು ಕಂಪ್ಯೂಟರ್. ಅದು ಕಲಿತ್ರೆ ಮುಗಿದ ಕೂಡ್ಲೇ ಡಿಪೋ ಆಫೀಸಲ್ಲಿ ಕೆಲಸ ಕೊಡಿಸ್ತೀನಿ ಅಂತ ಅಪ್ಪನ ಸಾಹೇಬ್ರು ಹೇಳಿದಾರೆ. ಅಪ್ಪನಿಗೆ ಬೆನ್ನು ನೋವು, ಇನ್ನು ಜಾಸ್ತಿ ವರ್ಷ ಬಸ್ಸಲ್ಲಿ ನಿಲ್ಲೋಕಾಗಲ್ಲ. ಭಾನುವಾರದಿಂದ ಲೆಕ್ಕ ಹಾಕ್ತಾ ಇದೀನಿ ಸರ್. ಯಾವ ಕಡೆಯಿಂದ ಹಾಕಿದ್ರೂ..." ಕಾರ್ಡು ಮುಂದೆ ಚಾಚಿದಳು. "ನಂಗೆ ನಿಮ್ಮ ಪಾಠ ತುಂಬ ಇಷ್ಟ ಸರ್. ಎಲ್ಲಾದ್ರೂ ತಪ್ಪಾಗಿದೆಯಾ ನೋಡಿ."

ಅವನು ಕಾರ್ಡು ತೆಗೆದುಕೊಂಡು ಓದಿದ. ಒಂದು ಕಡೆ, ಮತ್ತೆ ತಿರುಗಿಸಿ ಇನ್ನೊಂದು ಕಡೆ. ನನ್ನ ಕೆಂಪು ಪೆನ್ನು ನಿಂತಿತ್ತು. ಇವಳು ಹೋದರೆ ಹನ್ನೊಂದು. ಹನ್ನೊಂದಾದರೆ ಕ್ಲಾಸಿಲ್ಲ. ಅವನ ಮಗಳಿಗೆ ಅದೂ ಇಲ್ಲ, ಇದೂ ಇಲ್ಲ. ಆ ಹುಡುಗಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ಖಂಡಿತ ನಿಲ್ಲುತ್ತಿದ್ದಳು, ಅಂಥ ಮಗು ಅದು. ಒಂದು ಮಾತು ಸಾಕಿತ್ತು. ಅವನು ಹೇಳುತ್ತಾನೆ ಅಂತ ನಾನು ಕಾದೆ. ಅವನು ಹೇಳದಿದ್ದರೆ ನಾನಾದರೂ ಹೇಳಬಹುದಿತ್ತು. ನನ್ನ ಚರಿತ್ರೆಗೆ ಮೂವತ್ತು ಮಂದಿ ಇದ್ದರು. ಯಾರಾದರೂ ಒಬ್ಬನನ್ನು ಕರೆದು, ಅಲ್ಲಿಗೆ ಹೋಗಪ್ಪ ಅನ್ನಲು ಇನ್ನೂ ಒಂದು ಗಂಟೆ ಇತ್ತು. ನನ್ನ ಸಂಖ್ಯೆ ಕಡಿಮೆಯಾಗುತ್ತದೆ, ಯಾರಾದರೂ ಕೇಳಿದರೆ ಏನು ಹೇಳಲಿ, ಹೀಗೆ ಏನೇನೋ ತಲೆಗೆ ಬಂದು ನಾನು ಪುಸ್ತಕದ ಮೇಲೆ ಬಗ್ಗಿದೆ.

"ತಪ್ಪಿಲ್ಲಮ್ಮ" ಅಂದ ಅವನು. "ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾಡಿದೀಯ. ಹೋಗು, ನಾಲ್ಕು ಗಂಟೆಗೆ ಆಫೀಸು ಮುಚ್ಚತ್ತೆ."

ಅವಳು ಅವನ ಕಾಲಿಗೆ ಬಗ್ಗಲು ಹೋದಳು. ಇವನು ತಡೆದ. ಅವಳು ಓಡಿದಳು. ಕಾರಿಡಾರಿನಲ್ಲಿ ಅವಳ ಚಪ್ಪಲಿಯ ಸದ್ದು ದೂರವಾಗುವವರೆಗೂ ಅವನು ಕೂತೇ ಇದ್ದ.

ಆಮೇಲೆ ಎದ್ದು ಅವನೂ ಓಡಿದ. ಜೀವಶಾಸ್ತ್ರದ ಕೋಣೆಗೆ ಹೋದ. ನನ್ನ ಮಗಳಿಗೆ ಸೂಕ್ಷ್ಮದರ್ಶಕ ಬೇಡ, ನಿಂತು ನೋಡಿಕೊಳ್ಳುತ್ತಾಳೆ ಎಂದು ಬೇಡಿಕೊಂಡ. ಆ ಟೀಚರ್ ಕಣ್ಣಲ್ಲಿ ನೀರು ತಂದುಕೊಂಡು, "ನಿಮ್ಮ ಮಗಳನ್ನ ಸೇರಿಸಿದ್ರೆ ಅವಳಿಗಿಂತ ಮುಂದಿರೋ ಆರು ಜನರ ಅಪ್ಪಂದಿರಿಗೆ ನಾನೇನು ಹೇಳ್ಲಿ?" ಅಂದರು. ಮುಖ್ಯೋಪಾಧ್ಯಾಯಿನಿಯ ಹತ್ತಿರ ಹೋದ. ಆಕೆ ಕೆಟ್ಟವರಲ್ಲ. ನಿಯಮದ ಪುಸ್ತಕ ತೆಗೆದು ಅವನ ಮುಂದೆಯೇ ಮೂರು ಸಲ ಓದಿದರು, ಎಲ್ಲಾದರೂ ಸಂದು ಇದೆಯೇ ಎಂದು. ಮೇಲಿನ ಕಚೇರಿಗೆ ಫೋನ್ ಮಾಡಿದರು. ಅಲ್ಲಿ ಯಾರೂ ಎತ್ತಲಿಲ್ಲ. ಮತ್ತೆ ಮಾಡಿದರು. "ಹನ್ನೊಂದಕ್ಕೂ ಹನ್ನೆರಡಕ್ಕೂ ಏನಂತ ವ್ಯತ್ಯಾಸ, ನೀವೇ ಹೇಳಿ. ಆದ್ರೆ ನಾನು ಹನ್ನೊಂದು ಅಂದ್ರೆ ನಾಳೆ ಸಂಗೀತದವರು ಹತ್ತು ಅಂತ ಬರ್ತಾರೆ. ನಾನೇನು ಮಾಡ್ಲಿ ಮೇಷ್ಟ್ರೇ?" ಅಂದರು. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು.

ಇಷ್ಟಾದರೂ ಅವನು ಒಬ್ಬರ ಮೇಲೂ ಹರಿಹಾಯಲಿಲ್ಲ. ಹರಿಹಾಯಲು ಯಾರೂ ಸಿಗಲಿಲ್ಲ ಅನ್ನುವುದೇ ಸರಿ. ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ನ್ಯಾಯವಾಗಿಯೇ ಇದ್ದರು.

ಮನೆಯಲ್ಲಿ ಮಗಳಿಗೆ ಹೇಳುವಾಗ ನಾನೂ ಇದ್ದೆ. ನೀನೂ ಬಾ, ಒಬ್ಬನಿಗೇ ಆಗಲ್ಲ ಅಂತ ಕರೆದುಕೊಂಡು ಹೋಗಿದ್ದ. ಅವಳು ಹೊರಗಿನ ಕೋಣೆಯಲ್ಲಿ ಅರ್ಥಶಾಸ್ತ್ರದ ಹೊಸ ಪುಸ್ತಕಕ್ಕೆ ಹೊದಿಕೆ ಹಾಕುತ್ತಿದ್ದಳು. ಅಪ್ಪ ಹೇಳಿದ್ದನ್ನು ಪೂರ್ತಿ ಕೇಳಿದಳು. ಅವಳ ಅಮ್ಮ ಒಳಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಹುಡುಗಿ ಅಳಲಿಲ್ಲ. ಹೊದಿಕೆಯ ಮೂಲೆಯನ್ನು ಮಡಿಸಿ, ಉಗುರಿನಿಂದ ಗೀರಿ ಸರಿಮಾಡಿ, ಕೇಳಿದಳು.

"ಹಾಗಾದ್ರೆ ಇನ್ನೇನು ಖಾಲಿ ಇದೆ ಅಪ್ಪ?"

ಖಾಲಿ ಇದ್ದದ್ದು ಕಚೇರಿ ನಿರ್ವಹಣೆ ಒಂದೇ. ಕಡತ ಜೋಡಿಸುವುದು, ಪತ್ರ ಬರೆಯುವುದು, ಟಪಾಲು ದಾಖಲಿಸುವುದು. ಅವಳು ಅದನ್ನೇ ಎರಡು ವರ್ಷ ಓದಿದಳು, ಒಳ್ಳೆಯ ಅಂಕವನ್ನೇ ತೆಗೆದಳು. ಪಶುವೈದ್ಯ ಕಾಲೇಜಿನ ಅರ್ಜಿಯಲ್ಲಿ ಜೀವಶಾಸ್ತ್ರದ ಅಂಕ ಬರೆಯಲು ಒಂದು ಚೌಕ ಇರುತ್ತದೆ. ಅದು ಖಾಲಿ ಇದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಅವಳು ಅರ್ಜಿಯನ್ನೇ ತರಲಿಲ್ಲ. ಶನಿವಾರ ದನದಾಸ್ಪತ್ರೆಗೆ ಹೋಗುವುದು ಯಾವಾಗ ನಿಂತಿತು ಅಂತ ಯಾರಿಗೂ ಸರಿಯಾಗಿ ನೆನಪಿಲ್ಲ.

ಮರುವರ್ಷ ಅರ್ಥಶಾಸ್ತ್ರಕ್ಕೆ ಬಂದವರು ಒಂಬತ್ತು. ವಿಷಯ ರದ್ದಾಯಿತು. ಹಳೆಯ ತಂಡ ಹಿಂದಿನ ವರ್ಷವೇ ಮುಗಿದಿತ್ತು. ಕುರ್ಚಿ ಮೇಷ್ಟ್ರನ್ನು ಕೆಲಸದಿಂದ ತೆಗೆಯಲಿಲ್ಲ, ಬದಲಿ ಪಾಠಕ್ಕೆ ಹಾಕಿದರು. ಯಾವ ಟೀಚರ್ ರಜೆಯೋ ಅವರ ತರಗತಿಗೆ ಹೋಗಿ ಗಲಾಟೆಯಾಗದಂತೆ ನೋಡಿಕೊಳ್ಳುವುದು. ಮಕ್ಕಳು ತಮ್ಮ ಪಾಡಿಗೆ ಏನೋ ಬರೆಯುತ್ತಾರೆ, ಇವನು ಕಿಟಕಿಯ ಹತ್ತಿರ ನಿಂತಿರುತ್ತಾನೆ. ಒಮ್ಮೆ ನಾನು ಕೇಳಿದೆ, "ಸುಮ್ನೆ ಯಾಕೆ ನಿಲ್ತೀಯ? ಹೇಗೂ ನಲವತ್ತು ನಿಮಿಷ ಇರತ್ತೆ, ಏನಾದ್ರೂ ಶುರು ಮಾಡು."

"ಶುರು ಮಾಡಬಹುದು. ನಾಳೆ ಅದನ್ನ ಮುಂದುವರಿಸೋರು ಯಾರು?" ಅಂದ.

ಮಗಳು ಈಗ ಸರಕು ಸಾಗಣೆಯ ಕಚೇರಿಯೊಂದರಲ್ಲಿ ಬುಕಿಂಗ್ ಕಿಟಕಿಯ ಹಿಂದೆ ಕೂರುತ್ತಾಳೆ. ಹೋದ ತಿಂಗಳು ಪುಸ್ತಕದ ಎರಡು ಪೆಟ್ಟಿಗೆ ಕಳಿಸಲು ಹೋಗಿದ್ದೆ. ನನ್ನನ್ನು ನೋಡಿ ಎದ್ದು ಬಂದಳು, ತಾನೇ ಪೆಟ್ಟಿಗೆ ತೂಗಿ, ಚೀಟಿ ಅಂಟಿಸಿದಳು. ಕೆಲಸದಲ್ಲಿ ಅಚ್ಚುಕಟ್ಟು. ಹಿಂದೆ ಕೂತಿದ್ದ ಕಚೇರಿಯವರು ಅವಳನ್ನು ಏನೋ ಕೇಳಿದರು, ಅವಳು ಹೇಳಿದಂತೆಯೇ ಮಾಡಿದರು. ನನಗೆ ಸಮಾಧಾನ ಅನ್ನಿಸುವಷ್ಟರಲ್ಲಿ ರಸೀದಿ ಕೊಡುತ್ತ ಕೇಳಿದಳು.

"ಮಾಮ, ಅಪ್ಪ ನಿಮ್ಮ ಹತ್ರ ಮಾತಾಡ್ತಾರಾ?"

"ಆಡ್ತಾನೆ. ಯಾಕಮ್ಮ?"

"ನಾನು ಕೆಲಸಕ್ಕೆ ಸೇರಿ ಒಂದೂವರೆ ವರ್ಷ ಆಯ್ತು. ಕೆಲಸ ಹೇಗಿದೆ ಅಂತ ಅಪ್ಪ ಒಂದು ದಿನಾನೂ ಕೇಳಿಲ್ಲ. ಕೇಳಿದ್ರೆ ಹೇಳ್ತೀನಿ."

"ಏನಂತ ಹೇಳ್ತೀಯ?"

ಅವಳು ನಕ್ಕಳು. "ಅವರು ಕೇಳಲಿ, ಆಮೇಲೆ ಯೋಚನೆ ಮಾಡ್ತೀನಿ." ಅಷ್ಟರಲ್ಲಿ ನನ್ನ ಹಿಂದೆ ನಿಂತವರು ಕೆಮ್ಮಿದರು. ನಾನು ಸರಿದೆ.

ಮರುದಿನ ಸ್ಟಾಫ್ ರೂಮಿನಲ್ಲಿ ಅವನಿಗೆ ಅದನ್ನು ಹಾಗೇ ಹೇಳಿದೆ. ನಾನು ಆ ಮನೆಗೆ ಮಾಡಬಹುದಾದ ಸಹಾಯ ಇನ್ನು ಅಷ್ಟೇ ಅಂತ ನನಗೆ ಗೊತ್ತಿತ್ತು.

ಅವನು ಕೈಯಲ್ಲಿದ್ದ ವೇಳಾಪಟ್ಟಿ ನೋಡುತ್ತ ಹೇಳಿದ. "ಕೇಳ್ತೀನಿ. ಚೆನ್ನಾಗಿದೆ ಅಂತಾಳೆ. ಅವತ್ತು ಸೈಕಲ್ ಹಿಡ್ಕೊಂಡು ಇಷ್ಟ ಆಯ್ತು ಅಂದ್ಲಲ್ಲ, ಹಾಗೇ ಅಂತಾಳೆ. ನಾನು ಸರಿ ಅಂತ ಒಳಗೆ ಹೋಗಬೇಕು. ಅದಕ್ಕೇ ಕೇಳಿಲ್ಲ ಕಣೋ."

"ಬೇರೆ ಏನಾದ್ರೂ ಹೇಳಿದ್ರೆ?"

"ಹೇಳಿದ್ರೆ ನಾನೇನು ಮಾಡಬಲ್ಲೆ?"

ಗಂಟೆ ಹೊಡೆಯಿತು. ಆ ದಿನ ರಜೆ ಹಾಕಿದ್ದವರು ಸಂಗೀತದ ಟೀಚರ್. ಅವನು ಎದ್ದು, ಯಾವ ಕೋಣೆ ಎಂದು ಪಟ್ಟಿಯಲ್ಲಿ ಇನ್ನೊಮ್ಮೆ ನೋಡಿಕೊಂಡು, ಬರಿಗೈಯಲ್ಲಿ ಹೊರಟ.